ನೆತ್ತಿಯ ಮೇಲಿನ ತೆರಪು

ಅಕ್ಷರಗಳ ಉಚ್ಚಾರಣೆಯನ್ನು ಕುರಿತು ಪಾಣಿನೀಯ ಶಿಕ್ಷೆಯಲ್ಲಿ ಒಂದು ಹೋಲಿಕೆಯುಂಟು. ಹೆಣ್ಣುಹುಲಿಯು ಮರಿಯನ್ನು ಕೋರೆಹಲ್ಲುಗಳಲ್ಲಿ ಹಿಡಿದೊಯ್ಯುವಾಗ, ಸಡಿಲಬಿಟ್ಟರೆ ಬಿದ್ದೀತು, ಬಿಗಿಹಿಡಿದರೆ ಗಾಯವಾದೀತು ಎಂದು ಎರಡಕ್ಕೂ ಅಂಜುವುದಷ್ಟೆ. ನುಡಿಯುವವನೂ ಹಾಗೆಯೇ ಇರಬೇಕೆಂದು ಅದರ ಅಭಿಪ್ರಾಯ. ಪಾಠಶಾಲೆಯಲ್ಲಿ ಇದನ್ನು ಕಲಿತು, ಮೂವತ್ತು ವರ್ಷಕಾಲ ಮಕ್ಕಳಿಗೆ ಹೇಳಿಕೊಟ್ಟ ನಾನು ಇದರ ಅರ್ಥವನ್ನು ಸರಿಯಾಗಿ ತಿಳಿದುದು ಇತ್ತೀಚೆಗೆ, ಮಗನ ಧ್ವನಿಮುದ್ರಣದ ಕೋಣೆಯಲ್ಲಿ.

1988ರಲ್ಲಿ, ಮದುವೆಯಾದ ಹೊಸದರಲ್ಲಿ, ನನ್ನ ಮನೆಯಾಕೆಯ ಆರತಿ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದೆನು. ಟೇಪಿಗೆ ಸಹಜವಾದ ಸುಯ್ಯೆಂಬ ಸದ್ದು ಅಡಗಲೆಂದು ಗುಂಡಿಯನ್ನು ತಿರುಗಿಸಿ ಮಟ್ಟವನ್ನು ಏರಿಸಿದೆನು. ಮುಳ್ಳು ಕೆಂಪು ಗೆರೆಯನ್ನು ದಾಟಿ ಕುಣಿಯಿತು. ಧ್ವನಿ ಗಟ್ಟಿಯಾಗಿ ಬಂದಿತೆಂದು ಹಿಗ್ಗಿದೆನು. ಆಕೆ ತೀರಿಕೊಂಡು ನಾಲ್ಕು ವರ್ಷಗಳಾದುವು. ಆ ಕಂಠಕ್ಕೆ ಉಳಿದಿರುವ ಸಾಕ್ಷಿ ಆ ಕ್ಯಾಸೆಟ್ಟೊಂದೇ.

ಮಗನು ಅದನ್ನು ಕಂಪ್ಯೂಟರಿಗೆ ಇಳಿಸಿ, ತಂಬೂರಿಯ ಶ್ರುತಿಯನ್ನು ಕೂಡಿಸಲು ಕುಳಿತನು. ಮಂದ್ರ ಮಧ್ಯಗಳಲ್ಲಿ ಹಾಡು ತಿಳಿಯಾಗಿತ್ತು. ತಾರಷಡ್ಜವನ್ನು ಮುಟ್ಟಿದೊಡನೆ ಒಡೆದ ಕಂಚಿನಂತೆ ಕರಕರವೆಂದಿತು.

“ಸ್ವಲ್ಪ ತಗ್ಗಿಸಿದರೆ ಸರಿಹೋಗದೇನೋ?” ಎಂದೆನು.

“ಇಲ್ಲ ಅಪ್ಪ, ಈಗ ತಗ್ಗಿಸಿದರೆ ಅದೇ ಒಡಕು ಮೆಲ್ಲಗೆ ಕೇಳಿಸುತ್ತದೆ, ಅಷ್ಟೆ.”

ಪರದೆಯ ಮೇಲೆ ಅಲೆಗಳನ್ನು ತೋರಿಸಿದನು. ನೆತ್ತಿಗಳೆಲ್ಲ ಚಪ್ಪಟೆಯಾಗಿದ್ದುವು. ತಾಳಲಾರದಷ್ಟು ಬಲವಾಗಿ ಬಂದ ಧ್ವನಿಯನ್ನು ಟೇಪು ಅದುಮಿಬಿಡುತ್ತದೆ. ಆಗ ಹಾಡಿನಲ್ಲಿಲ್ಲದ ನಾದಾಂಶಗಳು ಹುಟ್ಟಿಕೊಳ್ಳುತ್ತವೆ. ಇಂದಿನ ಡಿಜಿಟಲ್ ಮುದ್ರಣವು ಇನ್ನೂ ನಿಷ್ಠುರವಾದುದು. ಅಲ್ಲಿ ಸೊನ್ನೆ ಡೆಸಿಬೆಲ್ ಎಂಬುದೇ ಮಾಳಿಗೆ. ಧ್ವನಿಯನ್ನೆಲ್ಲ ಅದರ ಕೆಳಗೆ ಋಣಸಂಖ್ಯೆಗಳಲ್ಲಿ ಅಳೆಯುತ್ತಾರೆ. ಮಾಳಿಗೆಯನ್ನು ಮೀರಿದುದು ಕತ್ತರಿಸಿಹೋಗುತ್ತದೆ. ಅದನ್ನು ಮರಳಿ ತುಂಬುವ ಉಪಾಯಗಳಿದ್ದರೂ ಅವು ಊಹೆಯೇ ಹೊರತು ಹಾಡಿದ ಸ್ವರವಲ್ಲ. 6 ಡೆಸಿಬೆಲ್ ಏರಿದರೆ ಅಲೆಯ ಎತ್ತರವು ಇಮ್ಮಡಿಯಾಗುತ್ತದೆ. ಆದುದರಿಂದ ತುತ್ತತುದಿಯ ಸ್ವರವೂ ಸೊನ್ನೆಗಿಂತ 10–12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ತೆರಪು ಬಿಟ್ಟು ಮುದ್ರಿಸುವುದು ಲೇಸು. 24 ಬಿಟ್ಟಿನ ಮುದ್ರಣದಲ್ಲಿ ಲೆಕ್ಕಕ್ಕೆ ಸುಮಾರು 144 ಡೆಸಿಬೆಲ್ ಹರವಿರುವುದರಿಂದ ನನ್ನ ಕಾಲದ ಸುಯ್ಯೆಂಬ ಸದ್ದಿನ ಭಯವೂ ಇಲ್ಲ.

ಹಲವು ನಾದಗಳನ್ನು ಕೂಡಿಸುವಾಗ ಈ ತೆರಪು ಮತ್ತಷ್ಟು ಅಗತ್ಯ. ಸಮಬಲದ ಎರಡು ಬೇರೆ ಬೇರೆ ಧ್ವನಿಗಳು ಸೇರಿದರೆ ಮೊತ್ತವು ಸುಮಾರು 3 ಡೆಸಿಬೆಲ್ ಏರುತ್ತದೆ. ಹಾಡು ಕೇಳಿಸದೆಂದು ಹಾಡನ್ನೂ, ಆಮೇಲೆ ತಂಬೂರಿಯನ್ನೂ ಏರಿಸುತ್ತ ಹೋದರೆ ಎರಡೂ ಮಾಳಿಗೆಗೆ ತಲೆ ತಾಗಿಸಿಕೊಳ್ಳುವುವು. ಮಗನು ತಂಬೂರಿಯನ್ನು ಇಳಿಸಿದನು. ಹಾಡು ತಾನಾಗಿ ಮುಂದೆ ಬಂದಿತು. ಶಾಲೆಯಲ್ಲಿ ಗದ್ದಲವಾದಾಗ ನಾನು ದನಿಯೇರಿಸಿದಷ್ಟೂ ಗದ್ದಲ ಏರುತ್ತಿದ್ದುದು, ತಗ್ಗಿಸಿದ ದಿನ ಹುಡುಗರು ಕಿವಿಗೊಟ್ಟುದು ನೆನಪಾಯಿತು.

ಕಳೆದ ಶ್ರಾವಣದಲ್ಲಿ ಮಗಳು ತಾಯಿಯಿಂದ ಕಲಿತ ಅವೇ ಹಾಡುಗಳನ್ನು ಹಾಡಿದಳು. ಮಗನು ಮೊದಲು ತಾರಸ್ಥಾಯಿಯ ಸಾಲನ್ನೇ ಹಾಡಿಸಿ, ಅದಕ್ಕೆ ತಕ್ಕಂತೆ ಮಟ್ಟವನ್ನು ಗೊತ್ತುಮಾಡಿದನು. ಗುಂಡಿಯ ಕಡೆಗೆ ಹೋದ ನನ್ನ ಕೈ ತಾನೇ ಹಿಂದಕ್ಕೆ ಬಂದಿತು.

ಹಳೆಯ ಹಾಡಿನ ಒಡಕನ್ನು ಹಾಗೆಯೇ ಬಿಡಲು ಹೇಳಿದ್ದೇನೆ. ಆ ದೋಷವು ಅಜ್ಜಿಯ ಕಂಠದ್ದಲ್ಲ, ಅಜ್ಜನ ಕೈಯದು ಎಂದು ಮೊಮ್ಮಕ್ಕಳಿಗೆ ತಿಳಿದಿರಲಿ.