ಕೊರಳಿನ ಅವಸರ, ಮೂತ್ರಪಿಂಡದ ಮೌನ

1956ರ ನವೆಂಬರ್ 1ರಂದು ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲೂಕು ಅಂದಿನ ಆಂಧ್ರಪ್ರದೇಶಕ್ಕೆ ಸೇರಿತು. ಅಂದಿನಿಂದ ನಮ್ಮ ಕಡೆಯ ಕನ್ನಡಿಗರಿಗೆ ಕಚೇರಿಯ ದಾರಿ ಒಂದಾದರೆ ನಂಟಿನ ದಾರಿ ಇನ್ನೊಂದಾಯಿತು. ಕಂಗ್ಟಿಯ ನಾವು ಇಂದು ಸಂಗಾರೆಡ್ಡಿ ಜಿಲ್ಲೆಯವರು. ಆದರೂ ಮೈಗೆ ಆಲಸ್ಯವಾದರೆ ನಮ್ಮ ಕಾಲು ಬೀದರದತ್ತಲೇ ಹೊರಳುವುದು. ಅಂಥದೊಂದು ಪ್ರಯಾಣದಲ್ಲಿ ನಾವು ಕಲಿತ ಪಾಠವನ್ನು ಓದುಗ ಬಂಧುಗಳಲ್ಲಿ ಅರಿಕೆ ಮಾಡಿಕೊಳ್ಳಬೇಕೆನಿಸಿದೆ.

ಮೂರು ವರ್ಷಗಳ ಹಿಂದೆ ನಮಗೆ ಹಸಿವು ಹೆಚ್ಚಿತು, ಮೈ ಮಾತ್ರ ಇಳಿಯುತ್ತ ಬಂದಿತು. ಹಲಗೆಯ ಮೇಲೆ ಬರೆಯುವ ಕೈ ನಡುಗತೊಡಗಿತು. ಚಳಿಗಾಲದ ರಾತ್ರಿಯಲ್ಲೂ ಬೆವರು. ಸುಮ್ಮನೆ ಕುಳಿತರೂ ಎದೆ ಡವಗುಟ್ಟುತ್ತಿತ್ತು. ರಕ್ತ ಪರೀಕ್ಷಿಸಿದ ವೈದ್ಯರು, ಕೊರಳಿನ ಥೈರಾಯ್ಡ್ ಗ್ರಂಥಿ ಅಳತೆ ಮೀರಿ ಕೆಲಸಮಾಡುತ್ತಿದೆ ಎಂದು ಹೇಳಿ ಕಾರ್ಬಿಮಜೋಲ್ ಗುಳಿಗೆ ಕೊಟ್ಟರು. ಮೂತ್ರಪಿಂಡದ ಶಕ್ತಿಯನ್ನು ತೋರುವ ಕ್ರಿಯಾಟಿನಿನ್ ಆಗ 0.7 ಇತ್ತು. ಅದನ್ನು ಕಂಡು ನಾವು ಹಿಗ್ಗಿದೆವು.

ಮೂರು ತಿಂಗಳಲ್ಲಿ ನಡುಕ ನಿಂತಿತು, ನಿದ್ದೆ ಬಂದಿತು. ಆದರೆ ಕ್ರಿಯಾಟಿನಿನ್ 1.4ಕ್ಕೆ ಏರಿತ್ತು. "ಗುಳಿಗಿ ತಿಂದೇ ಮೂತ್ರಪಿಂಡ ಕೆಟ್ಟಾವ್ರೀ ಮಾಸ್ತರ್ರೇ, ಬಿಟ್ಟುಬಿಡ್ರಿ" ಎಂದರು ನೆರೆಮನೆಯ ಕಾಕಾ. ಮನೆಯವರು ಬೇಡವೆಂದರೂ ಕೇಳದೆ ಗುಳಿಗೆಯನ್ನು ಬಿಟ್ಟೆವು. ವಿಜ್ಞಾನ ಪಾಠ ಹೇಳುವವರು ವಿಚಾರಿಸದೆ ನಡೆದುಕೊಂಡೆವೆಂಬುದು ಇಂದಿಗೂ ನಾಚಿಕೆಯ ಮಾತು. ನಾಲ್ಕನೆಯ ವಾರ ಶಾಲೆಯ ಪಡಸಾಲೆಯಲ್ಲಿ ಎದೆ ಹಿಡಿದು ಕುಸಿದೆವು. ಮಕ್ಕಳು ನೀರು ತಂದರು. ಸಹೋದ್ಯೋಗಿಗಳು ಬೀದರಕ್ಕೆ ಒಯ್ದರು.

ವೈದ್ಯರು ಗದರಲಿಲ್ಲ, ತಿಳಿಸಿ ಹೇಳಿದರು. ಥೈರಾಯ್ಡ್ ರಸ ಹೆಚ್ಚಾದಾಗ ಹೃದಯ ಅವಸರದಿಂದ ರಕ್ತ ತಳ್ಳುತ್ತದೆ. ಮೂತ್ರಪಿಂಡಕ್ಕೂ ಹೆಚ್ಚು ರಕ್ತ ಹರಿದು ಅದು ಶಕ್ತಿ ಮೀರಿ ಸೋಸುತ್ತದೆ. ಅತ್ತ ಸ್ನಾಯು ಕರಗುವುದರಿಂದ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಹೀಗೆ ಎರಡೂ ಕಡೆಯಿಂದ ಅಂಕಿ ಇಳಿದು, ಇದ್ದ ದೋಷ ಮರೆಯಾಗುತ್ತದೆ. ಗ್ರಂಥಿ ಹದಕ್ಕೆ ಬಂದಾಗ ನಿಜಸ್ಥಿತಿ ಹೊರಬೀಳುತ್ತದೆ.

ನಮಗೆ ಶಾಲಾ ತಪಾಸಣೆಯ ದಿನ ನೆನಪಾಯಿತು. ಸಾಹೇಬರು ಬಂದ ದಿನ ಎಲ್ಲ ಮಕ್ಕಳೂ ಜಾಣರೇ. ಮರುದಿನದ ತರಗತಿಯೇ ನಿಜವಾದ ತರಗತಿ. ನಮ್ಮ 0.7 ತಪಾಸಣೆಯ ದಿನದ ಅಂಕಿ, 1.4 ಮರುದಿನದ್ದು. ಹಲವು ವರ್ಷ ಅಲಕ್ಷಿಸಿದ ರಕ್ತದೊತ್ತಡವೂ, ಮೊಣಕಾಲಿಗೆಂದು ಕೇಳಿದಾಗಲೆಲ್ಲ ನುಂಗಿದ ನೋವಿನ ಗುಳಿಗೆಗಳೂ ಮೂತ್ರಪಿಂಡವನ್ನು ಮೊದಲೇ ದಣಿಸಿದ್ದಿರಬೇಕು ಎಂದು ವೈದ್ಯರ ಅಭಿಪ್ರಾಯ. ಗ್ರಂಥಿಯ ಅವಸರವನ್ನು ಹಾಗೆಯೇ ಬಿಟ್ಟರೆ, ಬಹುಕಾಲದ ಅತಿಸೋಸುವಿಕೆಯಿಂದ ಮೂತ್ರಪಿಂಡ ಇನ್ನಷ್ಟು ಸವೆಯಬಹುದು. ಎಂದರೆ ನಾವು ಬಿಸುಟ ಗುಳಿಗೆಯೇ ಅದಕ್ಕೂ ಕಾವಲಾಗಿತ್ತು!

ಈಗ ಗುಳಿಗೆ ತಪ್ಪಿಸುವುದಿಲ್ಲ. ಜ್ವರವೋ ಗಂಟಲು ನೋವೋ ಬಂದರೆ ಕೂಡಲೇ ವೈದ್ಯರನ್ನು ಕಾಣುತ್ತೇವೆ. ಈ ಔಷಧದಿಂದ ವಿರಳವಾಗಿ ಬಿಳಿ ರಕ್ತಕಣಗಳು ಕುಗ್ಗುವುದುಂಟು. ರಕ್ತದೊತ್ತಡ ಅಳೆಸುತ್ತೇವೆ, ಮೂತ್ರದಲ್ಲಿ ಪ್ರೋಟೀನು ಸೋರುತ್ತಿದೆಯೇ ಎಂದು ನೋಡಿಸುತ್ತೇವೆ, ಉಪ್ಪಿನಕಾಯಿಯನ್ನು ನೋಡಿ ಸಮಾಧಾನಪಡುತ್ತೇವೆ. ಕ್ರಿಯಾಟಿನಿನ್ 1.3ರ ಆಸುಪಾಸಿನಲ್ಲಿ ನಿಂತಿದೆ.

ಶಿಕ್ಷಕರ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು: ಮಗುವಿನ ಉತ್ತರ ಬದಲಾದರೆ ಹೊಡೆಯುವ ಮೊದಲು ಕಾರಣ ಕೇಳಬೇಕು. ಆ ಮಾತು ಮಕ್ಕಳಿಗೆ ಮಾತ್ರವೆಂದು ನಾವು ತಿಳಿದಿದ್ದೆವು. ಓದುಗರ ಮನೆಯಲ್ಲಿಯೂ ಯಾರದಾದರೂ ವರದಿಯ ಅಂಕಿ ಏರಿದ್ದರೆ, ಔಷಧ ಬಿಡುವ ಮುನ್ನ ಕೊಟ್ಟವರನ್ನೇ ಒಮ್ಮೆ ಕೇಳಿರೆಂದು ನಮ್ಮ ವಿನಂತಿ.