ಹತ್ತಿರದ ತಕರಾರು

ನವೆಂಬರ್ 11, 2024, ಸೋಮವಾರ

ಒಂಬತ್ತನೇ ಕ್ಲಾಸಿನ ನೋಟ್‌ಬುಕ್ಕುಗಳನ್ನು ಚೀಲದಲ್ಲಿ ಹೊತ್ತು ಮನೆಗೆ ತಂದೆ. ‘ನನ್ನ ಊರು, ನನ್ನ ಮನೆಯವರು’ ಅಂತ ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಬರೆಯಿರಿ ಎಂದಿದ್ದೆ. ‘ಅವರ್ ವಿಲೇಜ್ ಈಸ್ ನಿಯರ್ ಟು ತಿಪಟೂರು.’ ‘ಹಿ ಈಸ್ ಮೈ ನಿಯರ್ ಫ್ರೆಂಡ್.’ ‘ದೇರ್ ಈಸ್ ಎ ನಿಯರ್ ಶಾಪ್.’ ಎಲ್ಲರದ್ದೂ ಇದೇ ಹಾಡು. ಒಬ್ಬನಂತೂ ‘ನಿಯರ್ ಮಿ ನೋ ಸೈಕಲ್’ ಎಂದು ಬರೆದು, ಸಾಲದ್ದಕ್ಕೆ ಅಡಿಗೆರೆ ಬೇರೆ ಎಳೆದಿದ್ದಾನೆ.

ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ ಅವನು ಕನ್ನಡವನ್ನು ಒಂದಿಷ್ಟೂ ಕೆಡಿಸಿಲ್ಲ. ನಮ್ಮಲ್ಲಿ ದುಡ್ಡು ಇರುವುದೂ ನಮ್ಮ ಹತ್ತಿರ, ಇಲ್ಲದಿರುವುದೂ ನಮ್ಮ ಹತ್ತಿರ. ಮಾತು ಕೇಳುವುದು ಅಪ್ಪನ ಹತ್ತಿರ, ಬೈಸಿಕೊಳ್ಳುವುದು ಮೇಷ್ಟ್ರ ಹತ್ತಿರ. ಇಷ್ಟನ್ನೆಲ್ಲ ಒಂದು ‘ನಿಯರ್’ ಹೇಗೆ ಹೊತ್ತೀತು? ‘ಹ್ಯಾವ್’ ಎಂಬ ಕ್ರಿಯಾಪದ ನಮಗಿಲ್ಲ. ಅದರ ಕೆಲಸವನ್ನೂ ಹತ್ತಿರವೇ ಮಾಡಿಕೊಂಡು ಬಂದಿದೆ.

ನವೆಂಬರ್ 12, ಮಂಗಳವಾರ

ಸ್ಟಾಫ್ ರೂಮಿನಲ್ಲಿ ಸೈಕಲ್ ವಾಕ್ಯ ಓದಿ ಹೇಳಿದೆ. ಗಣಿತದ ಮೇಷ್ಟ್ರು ಗದಗದ ಕಡೆಯವರು. ಟೀ ಲೋಟ ಕೆಳಗಿಟ್ಟು, “ಅಲ್ರೀ ಮೇಡಮ್, ನಮ್ಮೂರ ಹುಡುಗ್ರು ನನ್ ಕಡೆ ಸೈಕಲ್ ಇಲ್ರಿ ಅಂತಾವ. ಅವು ಸೈಡ್ ಮಿ ನೋ ಸೈಕಲ್ ಅಂತ ಬರೀಬೇಕೇನ್ರಿ ಹಂಗಾರ?” ಎಂದರು. ಹೆಡ್ ಮಿಸ್ಸೂ ನಕ್ಕರು, ಅಪರೂಪಕ್ಕೆ.

ಕ್ಲಾಸಿನಲ್ಲಿ ‘ನಿಯರ್ ಟು’ ಹಿಡಿದುಕೊಂಡೆ. ಆ ‘ಟು’ ಎಲ್ಲಿಂದ ಬಂತೆಂಬುದು ಸ್ಪಷ್ಟ: ತಿಪಟೂರಿಗೆ ಹತ್ತಿರ. ಚತುರ್ಥಿಯ ‘ಗೆ’ ಬಾಲ ಅಲ್ಲಾಡಿಸಿಕೊಂಡು ಇಂಗ್ಲಿಷಿಗೂ ಬಂದುಬಿಡುತ್ತದೆ. ‘ನಿಯರ್ ತಿಪಟೂರು’ ಅಂದರೆ ಸಾಕು, ‘ಟು’ ಬೇಕೇ ಬೇಕೆಂದರೆ ‘ಕ್ಲೋಸ್’ ಹಾಕಿ, ಅದಕ್ಕೆ ‘ಟು’ ಇಲ್ಲದೆ ನಡೆಯುವುದಿಲ್ಲ ಎಂದೆ. ‘ನಿಯರರ್ ಟು’ ಸರಿಯೇ, ‘ನಿಯರ್ ಟು’ ಕೂಡ ಪೂರ್ತಿ ತಪ್ಪಲ್ಲ ಎಂಬುದನ್ನು ಬಾಯಿ ಬಿಡಲಿಲ್ಲ. ಒಂಬತ್ತನೇ ಕ್ಲಾಸಿಗೆ ಇಷ್ಟು ಸುಳ್ಳು ಬೇಕಾಗುತ್ತದೆ.

ನಿಯರ್ ಫ್ರೆಂಡ್ ಅಲ್ಲ, ಕ್ಲೋಸ್ ಫ್ರೆಂಡ್. ನಿಯರ್ ಶಾಪ್ ಅಲ್ಲ, ನಿಯರ್‌ಬೈ ಶಾಪ್. ಬರೆದುಕೊಂಡರು. ಹಿಂದಿನ ಬೆಂಚಿನಿಂದ ಒಂದು ಕೈ ಎದ್ದಿತು. “ಮತ್ತೆ ನಿಯರ್ ರಿಲೇಟಿವ್ ಅಂತಾರಲ್ಲ ಮಿಸ್, ಅದು ಹೆಂಗೆ ಸರಿ?”

ನಾಳೆ ಹೇಳ್ತೀನಿ ಎಂದೆ. ಇಪ್ಪತ್ತೆರಡು ವರ್ಷದ ಸರ್ವಿಸ್‌ನಲ್ಲಿ ಈ ‘ನಾಳೆ’ ನನ್ನನ್ನು ಎಷ್ಟು ಸಲ ಕಾಪಾಡಿದೆಯೋ.

ನವೆಂಬರ್ 14, ಗುರುವಾರ

ಮಕ್ಕಳ ದಿನಾಚರಣೆ, ಲೆಮನ್ ಅಂಡ್ ಸ್ಪೂನ್, ಲಾಡು. ಪಾಠ ಇಲ್ಲ. ‘ನಾಳೆ’ ಹಾಗೇ ಉಳಿಯಿತು.

ರಾತ್ರಿ ಡಿಕ್ಷನರಿ ತೆಗೆದು ಕೂತೆ. ದೂರ ಹೇಳುವಾಗ ‘ನಿಯರ್’ ನಾಮಪದದ ಮುಂದೆ ನಿಲ್ಲುವುದೇ ಅಪರೂಪ. ‘ನಿಯರೆಸ್ಟ್ ಶಾಪ್’ ಎಂದಾಗುತ್ತದೆ, ‘ನಿಯರ್ ಶಾಪ್’ ಆಗುವುದಿಲ್ಲ. ಹೊಳೆಯ ಎರಡು ದಡಗಳಲ್ಲಿ ಈಚೆಯದು ‘ನಿಯರ್ ಬ್ಯಾಂಕ್’. ಕಾಲಕ್ಕೆ ‘ನಿಯರ್ ಫ್ಯೂಚರ್’, ರಕ್ತಸಂಬಂಧಕ್ಕೆ ‘ನಿಯರ್ ರಿಲೇಟಿವ್’. ಸ್ನೇಹಕ್ಕೆ ಮಾತ್ರ ಒಲ್ಲೆ ಅನ್ನುತ್ತದೆ. ನಂಟನ್ನು ಪೀಳಿಗೆ ಎಣಿಸಿ ಅಳೆಯಬಹುದು, ಸ್ನೇಹವನ್ನು ಅಳೆಯಲಾಗದು ಎಂದೋ ಏನೋ. ಇದು ನನ್ನ ಊಹೆ, ಡಿಕ್ಷನರಿಯದಲ್ಲ.

ಕುತೂಹಲದ ಸಂಗತಿ ಇನ್ನೊಂದಿದೆ. ಹಳೆಯ ಇಂಗ್ಲಿಷಿನಲ್ಲಿ ಹತ್ತಿರ ಎನ್ನಲು ಇದ್ದದ್ದು ‘ನೈ’. ‘ನಿಯರ್’ ಅಂದರೆ ಇನ್ನೂ ಹತ್ತಿರ, ‘ನೆಕ್ಸ್ಟ್’ ಅಂದರೆ ಎಲ್ಲಕ್ಕಿಂತ ಹತ್ತಿರ. ‘ನೈ’ ಮೂಲೆ ಸೇರಿತು, ನಡುವಿನದು ಯಜಮಾನನಾಯಿತು, ಕೊನೆಯದು ಕ್ಯೂನಲ್ಲಿ ಮುಂದಿನವರನ್ನು ಕರೆಯುವ ಕೆಲಸಕ್ಕೆ ಸೇರಿಕೊಂಡಿತು. ‘ನೇಬರ್’ ಎಂಬುದರ ಒಳಗೆ ‘ನೈ’ ಇನ್ನೂ ಬಾಡಿಗೆಗಿದೆ. ಹತ್ತಿರ ವಾಸಿಸುವವ ಎಂದೇ ಅದರ ಮೂಲ ಅರ್ಥ.

ನವೆಂಬರ್ 18, ಸೋಮವಾರ

ಕನಕ ಜಯಂತಿ. ಬೆಳಗ್ಗೆ ಸ್ಕೂಲಿನಲ್ಲಿ ಪೂಜೆ ಮುಗಿಸಿಕೊಂಡು ಬರುವಾಗ ಪೇಟೆಗೆ ಹೋದೆ. ಜೆರಾಕ್ಸ್ ಅಂಗಡಿಯ ಬಾಗಿಲಿಗೆ ರಟ್ಟು ತೂಗುತ್ತಿತ್ತು: ‘ಶಾಪ್ ಈಸ್ ಕ್ಲೋಸ್’. ಕೊನೆಯ ‘ಡಿ’ ಇಲ್ಲದ್ದಕ್ಕೆ ಅಂಗಡಿ ಮುಚ್ಚುವ ಬದಲು ಹತ್ತಿರ ಬಂದುಬಿಟ್ಟಿದೆ! ಬಾಯಲ್ಲಿ ಹೇಳುವಾಗ ಎರಡೂ ಬೇರೆ. ಹತ್ತಿರದ ‘ಕ್ಲೋಸ್’ನ ಕೊನೆಗೆ ಸಕಾರ. ಮುಚ್ಚುವ ‘ಕ್ಲೋಸ್’ನ ಕೊನೆಗೆ ‘ಜ಼ೂ’ ಎನ್ನುವಾಗ ಬರುವ ಗುಂಯ್ಗುಡುವ ಜಕಾರ. ನಮ್ಮ ಬಾಯಲ್ಲಿ ಎರಡೂ ಒಂದೇ. ಹುಟ್ಟೂ ಒಂದೇ, ಮುಚ್ಚಿದ್ದು ಎನ್ನುವ ಲ್ಯಾಟಿನ್ ಪದ. ನಡುವಿನ ಸಂದು ಮುಚ್ಚಿದರೆ ಹತ್ತಿರವೇ ತಾನೆ.

‘ಇಂಟಿಮೇಟ್’ ಎನ್ನುವುದನ್ನು ಮಕ್ಕಳಿಗೆ ಹೇಳಿಕೊಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಕಾರಣ ನನಗೆ ಮಾತ್ರ ಗೊತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಂಗಳೂರಿನ ಒಂದು ತರಬೇತಿಯಲ್ಲಿ, ಪಕ್ಕದಲ್ಲಿದ್ದ ಗೆಳತಿಯನ್ನು ‘ಮೈ ಇಂಟಿಮೇಟ್ ಫ್ರೆಂಡ್’ ಎಂದು ಪರಿಚಯಿಸಿದ್ದೆ. ಎದುರಿಗಿದ್ದವರು ಕೆಮ್ಮಿದರು. ಜೇನ್ ಆಸ್ಟೆನ್ ಕಾದಂಬರಿ ಓದಿ ಕಲಿತ ಇಂಗ್ಲಿಷು ನನ್ನದು. ಅಲ್ಲಿ ಆ ಪದಕ್ಕೆ ಆಪ್ತತೆ ಬಿಟ್ಟು ಬೇರೆ ವಾಸನೆಯಿಲ್ಲ. ಇನ್ನೂರು ವರ್ಷದಲ್ಲಿ ಅದು ಮಲಗುವ ಕೋಣೆಗೆ ಹೋಗಿ ಕೂತಿರುವುದು ನನಗೆ ತಿಳಿಯಲಿಲ್ಲ. ನಮ್ಮ ಇಲಾಖೆಯ ಪತ್ರಗಳಲ್ಲಿ ಮಾತ್ರ ಅದು ಬೇರೆ ವೇಷದಲ್ಲಿ ಇವತ್ತಿಗೂ ನಿಶ್ಚಿಂತೆಯಾಗಿದೆ. ‘ಕೈಂಡ್ಲಿ ಇಂಟಿಮೇಟ್’ ಎಂದು ವಾರಕ್ಕೆರಡು ಬರುತ್ತವೆ, ದಯವಿಟ್ಟು ತಿಳಿಸಿ ಅಂತ. ಯಾರೂ ಕೆಮ್ಮುವುದಿಲ್ಲ.

ನವೆಂಬರ್ 21, ಗುರುವಾರ

ತಿದ್ದಿದ ನೋಟ್‌ಬುಕ್ಕು ಹಂಚಿದೆ. ಒಬ್ಬಳು ‘ಐ ಆಮ್ ನಿಯರ್ ಟು ಮೈ ಗ್ರ್ಯಾಂಡ್‌ಮದರ್’ ಎಂದು ಬರೆದಿದ್ದಳು. ‘ನಿಯರ್’ ಹೊಡೆದುಹಾಕಿ ಮೇಲೆ ಕೆಂಪಿನಲ್ಲಿ ‘ಕ್ಲೋಸ್’ ಎಂದು ಬರೆದಿದ್ದೆ. ಪಕ್ಕದಲ್ಲೊಂದು ‘ಗುಡ್’ ಕೂಡ.

ಅವಳು ಪುಸ್ತಕ ಹಿಡಿದು ಟೇಬಲ್ಲಿನ ಬಳಿ ಬಂದಳು. ಹೀಗೆ ಬರೆದರೆ ಏನರ್ಥ ಅಂತ ಕೇಳಿದಳು. ನಿಂಗೂ ಅಜ್ಜಿಗೂ ತುಂಬ ಪ್ರೀತಿ, ಮನಸ್ಸಿನಲ್ಲಿರೋದೆಲ್ಲ ಹೇಳಿಕೊಳ್ತೀಯ ಅಂತ, ಎಂದೆ. ಅವಳು ತಲೆ ಅಲ್ಲಾಡಿಸಿದಳು. “ಅದಲ್ಲ ಮಿಸ್. ಅಪ್ಪ ಅಮ್ಮ ಬೆಂಗ್ಳೂರಲ್ಲಿ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ನಾನು ಅಜ್ಜಿ ಹತ್ರ ಇರೋದು.”

ಇಷ್ಟು ದಿನ ನಿಯರ್, ಕ್ಲೋಸ್ ಎಂದು ತಕ್ಕಡಿ ಹಿಡಿದು ಕೂತವಳಿಗೆ ಬೇಕಾಗಿದ್ದದ್ದು ಒಂದು ‘ವಿತ್’. ‘ಐ ಲಿವ್ ವಿತ್ ಮೈ ಗ್ರ್ಯಾಂಡ್‌ಮದರ್’ ಎಂದು ಕೆಳಗೆ ಬರೆದುಕೊಟ್ಟೆ. ಮೇಲಿನ ಸಾಲನ್ನು ಹೊಡೆದುಹಾಕಲು ಮನಸ್ಸಾಗದೆ, ಇದೂ ಇರಲಿ ಬಿಡು, ಕ್ಲೋಸ್ ಅನ್ನೋದು ಸುಳ್ಳೇನಲ್ಲವಲ್ಲ ಎಂದೆ.

“ಅಷ್ಟೇನಿಲ್ಲ ಮಿಸ್, ದಿನಾ ಬೈತಾಳೆ” ಎಂದು ನನ್ನ ಕೈಯಿಂದ ಪೆನ್ನು ಇಸಿದುಕೊಂಡು, ಅವಳೇ ಹೊಡೆದುಹಾಕಿದಳು.