ಕತ್ತಲಾದದ್ದು ಪರದೆ ಮಾತ್ರ

ಜುಲೈ ತಿಂಗಳ ರಾತ್ರಿ, ಡೊಂಬಿವಲಿಯಲ್ಲಿ ಬಿಡದ ಮಳೆ. ಬೆಳಗ್ಗೆ ಒಪ್ಪಿಸಬೇಕಿದ್ದ ಅನುವಾದದ ಕೊನೆಯ ಹನ್ನೊಂದು ಪುಟ ಇನ್ನೂ ಸೇವ್ ಆಗಿರಲಿಲ್ಲ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆಗುತ್ತಿದ್ದಂತೆ ಲ್ಯಾಪ್‌ಟಾಪ್ ಪರದೆ ಕಪ್ಪಾಯಿತು. ಆಫ್ ಮಾಡುವ ಮೊದಲು ಸ್ಟೇಷನ್ ಹತ್ತಿರದ ರಿಪೇರಿ ಹುಡುಗನಿಗೆ ಫೋನ್ ಮಾಡಿದೆ.

‘ಆವಾಜ್ ಯೇತೋಯ್ ಕಾ?’ ಅಂದ. ಸದ್ದು ಬರುತ್ತಿದೆಯಾ ಅಂತ. ವಾಲ್ಯೂಮ್ ಕೀ ಒತ್ತಿದೆ, ಟಿಣ್ ಅಂದಿತು. ಹಾಗಾದರೆ ಮಷೀನ್ ಬದುಕಿದೆ, ಆಫ್ ಮಾಡಬೇಡಿ ಎಂದ.

ಇಂಥ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಎರಡು: ಒಂದು ಪ್ರೊಸೆಸರಿನೊಳಗೆ, ಇನ್ನೊಂದು ಬೇರೆ ಚಿಪ್. ಸಾಮಾನ್ಯವಾಗಿ ಭಾರದ ಚಿತ್ರ ಬಿಡಿಸುವುದು ಎರಡನೆಯದು, ಪರದೆಗೆ ಮುಟ್ಟಿಸುವುದು ಮೊದಲನೆಯದು. ಡ್ರೈವರ್ ಕೆಟ್ಟರೆ ನಡುವೆ ಎಲ್ಲೋ ಚಿತ್ರ ನಿಂತುಬಿಡುತ್ತದೆ. ಕಡತಕ್ಕೆ ಏನೂ ಆಗಿರುವುದಿಲ್ಲ.

ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಿಸಿದ. ಡ್ರೈವರನ್ನಷ್ಟೇ ಮತ್ತೆ ಶುರುಮಾಡುವ ಉಪಾಯ. ಬೀಪ್ ಬಂತು, ಬೆಳಕು ಬರಲಿಲ್ಲ. ‘ಟಿವಿಗೆ ಎಚ್‌ಡಿಎಂಐ ಹಾಕಿ.’ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಆ ಕಿಂಡಿಯ ದಾರಿ ಎರಡನೇ ಚಿಪ್‌ನಿಂದಲೇ.

ಅಮ್ಮನ ಧಾರಾವಾಹಿ ಹೋಗಿ ನನ್ನ ವಾಕ್ಯಗಳು ಬಂದವು. ಮೊದಲು ಸೇವ್ ಮಾಡಿದೆ. ಆಮೇಲೆ ಸೇಫ್ ಮೋಡಿನಲ್ಲಿ ಹಳೆಯ ಡ್ರೈವರ್‌ಗೆ ಮರಳಿದೆ, ಪರದೆ ಬೆಳಗಿತು.

ಅಷ್ಟರಲ್ಲಿ ಅಮ್ಮ ಟಿವಿಯಲ್ಲಿ ಒಂದು ಪುಟ ಓದಿ ಮುಗಿಸಿದ್ದಳು. ‘ಎರಡನೇ ಸಾಲು ಕನ್ನಡದ ಥರ ಇಲ್ಲ ಕಣೇ’ ಅಂದಳು. ನಿಜ, ಇರಲಿಲ್ಲ.